ಏರ್‌ಸಾಫ್ಟ್ ಗನ್: ಕೊಳ್ಳುವ ಮುನ್ನ, ಹೊರಗೆ ಒಯ್ಯುವ ಮುನ್ನ ತಿಳಿಯಬೇಕಾದ ಕಾನೂನು

ಟೇಬಲ್ ಮೇಲೆ ಎರಡು ಪಿಸ್ತೂಲುಗಳಿವೆ ಅಂದುಕೊಳ್ಳಿ. ಒಂದು ನಿಜವಾದದ್ದು, ಇನ್ನೊಂದು ಏರ್‌ಸಾಫ್ಟ್. ಎರಡಕ್ಕೂ ಕಪ್ಪು ಲೋಹದ ಮೈ. ತೂಕ ಹೆಚ್ಚುಕಡಿಮೆ ಒಂದೇ. ಸ್ಲೈಡ್ ಎಳೆದರೆ ಎರಡೂ ಕಟಕ್ ಅನ್ನುತ್ತವೆ. ಒಂದರಿಂದ ಗುಂಡು ಬರುತ್ತದೆ, ಇನ್ನೊಂದರಿಂದ 6 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಗೋಲಿ. ಈ ವ್ಯತ್ಯಾಸ ನಿಮಗೆ ಗೊತ್ತು. ಹತ್ತು ಅಡಿ ಆಚೆ ನಿಂತವರಿಗೆ ಗೊತ್ತಾಗುವುದಿಲ್ಲ.

ಏರ್‌ಸಾಫ್ಟ್ ಕಾನೂನಿನ ಮುಕ್ಕಾಲು ಪಾಲು ಹುಟ್ಟಿರುವುದು ಈ ಹತ್ತು ಅಡಿ ದೂರದಲ್ಲೇ. ಹಾಗಾಗಿ "ಇದು ಆಟಿಕೆ ಅಲ್ವಾ" ಎಂಬ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಕೆಲವು ದೇಶಗಳಲ್ಲಿ ಅದು ಆಟಿಕೆ. ಕೆಲವು ಕಡೆ ಅನುಕರಣೆಯ ಬಂದೂಕು. ಇನ್ನು ಕೆಲವು ಕಡೆ ಬಂದೂಕೇ. ಒಂದೇ ಡಬ್ಬಿಯಲ್ಲಿ ಬಂದ ಒಂದೇ ಗನ್ನು ಗಡಿ ದಾಟಿದ ಕೂಡಲೇ ಬೇರೆ ವಸ್ತುವಾಗುತ್ತದೆ.

ಇಂಥ ಗನ್ನುಗಳಿಂದ ಒಬ್ಬರಿಗೊಬ್ಬರು ಗೋಲಿ ಹೊಡೆದು ಆಡುವ ಈ ಆಟವನ್ನು ನಾನು ತುಂಬಾ ಪ್ರೀತಿಸುತ್ತೇನೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಕೆಲವರ ತಪ್ಪಿನಿಂದ ಇಡೀ ದೇಶದ ಆಟಗಾರರ ಮೇಲೆ ನಿರ್ಬಂಧ ಬಿದ್ದಿರುವ ಉದಾಹರಣೆ ಇದೆ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಕೊಂಡ ಮೇಲೆ ಕಾನೂನು ಹುಡುಕುವುದು ಬೇಡ.

ಹೆಜ್ಜೆ 1: ನಿಮ್ಮ ಕಡೆ ಅದಕ್ಕೆ ಏನೆಂದು ಹೆಸರು?

ಮೊದಲ ಪ್ರಶ್ನೆ "ಲೈಸೆನ್ಸ್ ಬೇಕಾ?" ಅಲ್ಲ. "ಕಾನೂನು ಇದನ್ನು ಯಾವ ಗುಂಪಿಗೆ ಸೇರಿಸುತ್ತದೆ?" ಎಂಬುದು ಮೊದಲ ಪ್ರಶ್ನೆ. ಉತ್ತರ ಸಿಕ್ಕರೆ ಮುಂದಿನದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಏರ್‌ಸಾಫ್ಟ್ ಎಂಬ ಪದ ಕಾನೂನಿನಲ್ಲಿ ಇರಲೇಬೇಕೆಂದಿಲ್ಲ. ಆ ಪದ ಹುಡುಕಿ ಸಿಗದಿದ್ದರೆ "ನಿಷೇಧವಿಲ್ಲ" ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಗಾಳಿ ಬಂದೂಕು, ಅನುಕರಣೆಯ ಬಂದೂಕು, ಪ್ರತಿಕೃತಿ, ಆಟಿಕೆ, ಈ ನಾಲ್ಕು ಪದಗಳ ವ್ಯಾಖ್ಯೆಯನ್ನೂ ಓದಿ. ನಿಮ್ಮ ಗನ್ನು ಇವುಗಳಲ್ಲಿ ಯಾವುದರೊಳಗಾದರೂ ಬೀಳುತ್ತದೆ.

ಭಾರತದ ಆರ್ಮ್ಸ್ ರೂಲ್ಸ್ 2016 ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಗಾಳಿ ಬಂದೂಕಿಗೆ ಎರಡು ಗೆರೆಗಳಿವೆ, ಅಂದರೆ ಮಿತಿಗಳು. ಒಂದು ಶಕ್ತಿಯದ್ದು: 20 ಜೌಲ್ (ಜೌಲ್ ಅಂದರೆ ಶಕ್ತಿಯ ಅಳತೆ). ಇನ್ನೊಂದು ನಳಿಗೆಯ ಒಳ ಅಗಲದ್ದು: 4.5 ಮಿಲಿಮೀಟರ್. ಸಾಮಾನ್ಯ ಏರ್‌ಸಾಫ್ಟ್ ಗನ್ನಿನ ಶಕ್ತಿ ಒಂದೆರಡು ಜೌಲ್ ಅಷ್ಟೇ. ಆ ಲೆಕ್ಕದಲ್ಲಿ ಅದು ತೀರಾ ಕೆಳಗಿದೆ. ಆದರೆ ಅದರ ನಳಿಗೆ 6 ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ. ಅಕ್ಷರಶಃ ಓದಿದರೆ ಅಗಲದ ಗೆರೆಯನ್ನು ಅದು ದಾಟಿಬಿಡುತ್ತದೆ. "ಶಕ್ತಿ ಕಡಿಮೆ ಇದೆ, ಸಾಕು" ಎಂದು ನಂಬಿದವರು ಎಡವುವುದು ಇಲ್ಲೇ. ಇಂಥ ಕಡೆ ಹಣ ಕೊಡುವ ಮುನ್ನ ಲೈಸೆನ್ಸ್ ಕೊಡುವ ಅಧಿಕಾರಿಗೆ ಪತ್ರ ಬರೆದು, ಲಿಖಿತ ಉತ್ತರ ಪಡೆಯಿರಿ. ಮಾರುವವರ ಬಾಯಿಮಾತು ಉತ್ತರವಲ್ಲ.

ಕೆಲವು ದೇಶಗಳಲ್ಲಿ ಈ ಹೆಜ್ಜೆಯಲ್ಲೇ ದಾರಿ ಮುಗಿಯುತ್ತದೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಸಾಮಾನ್ಯ ಜನ ಏರ್‌ಸಾಫ್ಟ್ ಗನ್ ಇಟ್ಟುಕೊಂಡರೆ ಅದು ಆಯುಧದ ಪ್ರಕರಣವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಆಟಗಾರನಿಗೆ ದಾರಿಯೇ ಇಲ್ಲದಷ್ಟು ಬಿಗಿ ಇದೆ. ಅಲ್ಲಿನ ಜನ ಅದಕ್ಕೆ ಬದಲಾಗಿ ನೀರು ಹೀರಿದ ಜೆಲ್ ಗೋಲಿ ಹಾರಿಸುವ ಜೆಲ್ ಬ್ಲಾಸ್ಟರ್ ಹಿಡಿದರು. ಅಲ್ಲೂ ರಾಜ್ಯಕ್ಕೊಂದು ನಿಯಮ. ದಕ್ಷಿಣ ಆಸ್ಟ್ರೇಲಿಯಾ 2020ರ ಅಕ್ಟೋಬರ್‌ನಿಂದ ಅವನ್ನು ಬಂದೂಕಿನ ಸಾಲಿಗೆ ಸೇರಿಸಿತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸರಿಯಾದ ಕಾರಣ ಇದ್ದರೆ ಇಟ್ಟುಕೊಳ್ಳಬಹುದು. ಒಂದೇ ದೇಶದೊಳಗೆ ಇಷ್ಟು ವ್ಯತ್ಯಾಸ ಇದ್ದರೆ, ಬೇರೆ ದೇಶದ ವಿಡಿಯೋ ನೋಡಿ ನಮ್ಮ ಕಡೆಯ ಕಾನೂನು ತಿಳಿದುಕೊಳ್ಳಲು ಆಗುವುದಿಲ್ಲ.

ಹೆಜ್ಜೆ 2: ಶಕ್ತಿಯನ್ನು ನೀವೇ ಅಳೆಯಿರಿ

ಈ ಹೆಜ್ಜೆಯನ್ನು ಸ್ವಲ್ಪ ನಿಧಾನವಾಗಿ ಓದಿ. ಪ್ರಾಮಾಣಿಕ ಆಟಗಾರರೂ ತಿಳಿಯದೆ ಕಾನೂನು ಮೀರುವುದು ಜಾಸ್ತಿ ಇಲ್ಲಿಯೇ.

ಅಂಗಡಿಯವರು, ಆಟಗಾರರು ಎಲ್ಲರೂ ಎಫ್‌ಪಿಎಸ್ ಲೆಕ್ಕದಲ್ಲಿ ಮಾತಾಡುತ್ತಾರೆ. ಅಂದರೆ ಗೋಲಿ ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಎಂಬುದು. ಆದರೆ ಹೆಚ್ಚಿನ ಕಾನೂನುಗಳು ಮಾತಾಡುವುದು ಜೌಲ್‌ನಲ್ಲಿ. ಗೋಲಿಯ ತೂಕ ಹೇಳದೆ ಎಫ್‌ಪಿಎಸ್ ಮಾತ್ರ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ.

ಲೆಕ್ಕ ಸುಲಭ. ಎಫ್‌ಪಿಎಸ್ ಅನ್ನು 3.28ರಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಬರುತ್ತದೆ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಗೋಲಿಯ ತೂಕದಿಂದ ಗುಣಿಸಿ. ತೂಕ ಕಿಲೋಗ್ರಾಂನಲ್ಲಿರಲಿ. ಕೊನೆಗೆ ಅರ್ಧ ಮಾಡಿ. 0.20 ಗ್ರಾಂ ಗೋಲಿ 328 ಎಫ್‌ಪಿಎಸ್‌ನಲ್ಲಿ ಹೋದರೆ ಸೆಕೆಂಡಿಗೆ 100 ಮೀಟರ್. ನೂರು ನೂರಲೆ ಹತ್ತು ಸಾವಿರ, ಅದನ್ನು 0.0002ರಿಂದ ಗುಣಿಸಿದರೆ 2, ಅರ್ಧ ಮಾಡಿದರೆ 1. ಸರಿಯಾಗಿ 1 ಜೌಲ್. ಇದೊಂದು ಲೆಕ್ಕ ತಲೆಯಲ್ಲಿದ್ದರೆ ಉಳಿದದ್ದನ್ನು ಅದರ ಪಕ್ಕದಲ್ಲಿಟ್ಟು ಅಂದಾಜು ಮಾಡಬಹುದು.

ಅಳೆಯಲು ಕ್ರೋನೋಗ್ರಾಫ್ ಬೇಕು. ಆಟಗಾರರು ಅದನ್ನು ಕ್ರೋನೋ ಎನ್ನುತ್ತಾರೆ. ಅಂಗೈಯಗಲದ ಚಿಕ್ಕ ಪೆಟ್ಟಿಗೆ, ನಡುವೆ ಒಂದು ಸುರಂಗ. ಗೋಲಿ ಒಳಗಿನ ಎರಡು ಸೆನ್ಸರ್‌ಗಳನ್ನು ದಾಟುವ ಹೊತ್ತನ್ನು ಅದು ಎಣಿಸುತ್ತದೆ. ಗೋಲಿಯ ತೂಕ ಒತ್ತಿ ಕೊಟ್ಟರೆ ಜೌಲ್ ಕೂಡ ತೋರಿಸುತ್ತದೆ. ಒಂದೇ ಹೊಡೆತ ನಂಬಬೇಡಿ. ಹತ್ತು ಸಲ ಹೊಡೆದು, ಅತಿ ಹೆಚ್ಚು ಬಂದ ಸಂಖ್ಯೆಯನ್ನೇ ನಿಮ್ಮ ಗನ್ನಿನ ಶಕ್ತಿ ಎಂದು ಇಟ್ಟುಕೊಳ್ಳಿ. ಸರಾಸರಿ ಬೇಡ. ತಪಾಸಣೆಯಲ್ಲಿ ಒಂದೇ ಹೊಡೆತ ಗೆರೆ ದಾಟಿದರೂ ದಾಟಿದ್ದೇ.

ಇನ್ನೊಂದು ವಿಷಯ ಇದೆ. ನಾನೊಮ್ಮೆ ನನ್ನ ಗ್ಯಾಸ್ ರೈಫಲನ್ನು 0.20 ಗ್ರಾಂ ಗೋಲಿ ಹಾಕಿ ಅಳೆದೆ. ಸೆಕೆಂಡಿಗೆ 100 ಮೀಟರ್ ಬಂತು. 1 ಜೌಲ್, ಸರಿ ಇದೆ ಅಂದುಕೊಂಡೆ. ಆಟಕ್ಕೆ ಮಾತ್ರ 0.30 ಗ್ರಾಂ ಗೋಲಿ ತುಂಬಿಕೊಂಡೆ. ಅಲ್ಲಿ ಮತ್ತೆ ಅಳೆದಾಗ ವೇಗ 90 ಮೀಟರ್‌ಗೆ ಇಳಿದಿತ್ತು. ವೇಗ ಇಳಿದಿದೆ, ಶಕ್ತಿಯೂ ಇಳಿದಿರಬೇಕು ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿದರೆ 1.2 ಜೌಲ್. ಗ್ಯಾಸ್ ಗನ್ನಿನಲ್ಲಿ ಭಾರದ ಗೋಲಿ ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಅಷ್ಟು ಹೊತ್ತೂ ಗ್ಯಾಸ್ ಅದನ್ನು ತಳ್ಳುತ್ತಲೇ ಇರುತ್ತದೆ. ಇದಕ್ಕೆ ಆಟಗಾರರು ಜೌಲ್ ಕ್ರೀಪ್ ಎನ್ನುತ್ತಾರೆ. ಆ ದಿನ ನನ್ನನ್ನು ಆಟಕ್ಕೆ ಬಿಡಲಿಲ್ಲ. ಬಿಡದೇ ಇದ್ದದ್ದೇ ಸರಿ. ಅಂದಿನಿಂದ ಆಡುವ ಗೋಲಿಯಲ್ಲೇ ಅಳೆಯುತ್ತೇನೆ.

ಬಿಸಿಲೂ ಶಕ್ತಿ ಹೆಚ್ಚಿಸುತ್ತದೆ. ಕಾವು ಏರಿದರೆ ಗ್ಯಾಸಿನ ಒತ್ತಡ ಏರುತ್ತದೆ. ಬೆಳಗಿನ ತಂಪಿನಲ್ಲಿ ಗೆರೆಯ ಒಳಗಿದ್ದ ಗನ್ನು ಮಧ್ಯಾಹ್ನ ಆಚೆ ಹೋಗಬಹುದು. ಬ್ಯಾಟರಿಯ ಗನ್ನುಗಳಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದರಿಂದ ಈ ಏರಿಳಿತ ಕಡಿಮೆ. ಹೊರಗಿನ ಸಿಲಿಂಡರಿನಿಂದ ಗಾಳಿ ಕೊಡುವ ಗನ್ನಾದರೆ ಒತ್ತಡದ ತಿರುಗುಮೊಳೆಗೆ ಬೀಗ ಹಾಕಿಸಿ. ಆಟದ ನಡುವೆ ಯಾರೂ ತಿರುವದ ಹಾಗೆ ತಡೆಯುವ ಬೀಗ ಅದು.

ಹೆಜ್ಜೆ 3: ಬಂದ ಸಂಖ್ಯೆಯನ್ನು ನಿಮ್ಮ ದೇಶದ ಗೆರೆಯ ಪಕ್ಕ ಇಡಿ

ಗೆರೆಗಳು ಎಷ್ಟು ಬೇರೆ ಬೇರೆ ಎಂಬುದಕ್ಕೆ ಕೆಲವು ಮಾದರಿಗಳು:

- ದಕ್ಷಿಣ ಕೊರಿಯಾ: 0.2 ಜೌಲ್. ಇಷ್ಟು ಕಡಿಮೆ ಮಿತಿ ಅಪರೂಪ.
- ಜರ್ಮನಿ: 0.5 ಜೌಲ್ ತನಕ ಆಟಿಕೆಯ ಹತ್ತಿರ. ಅದರ ಮೇಲೆ 7.5 ಜೌಲ್ ತನಕ, ಐದು ಮೂಲೆಯ ಚೌಕಟ್ಟಿನೊಳಗೆ ಎಫ್ ಅಕ್ಷರದ ಗುರುತು ಇರಬೇಕು, ಕೊಳ್ಳುವವರಿಗೆ 18 ತುಂಬಿರಬೇಕು. 0.5 ಜೌಲ್ ಮೀರಿದ ಗನ್ನು ಪೂರ್ತಿ ಆಟೋಮ್ಯಾಟಿಕ್ (ಟ್ರಿಗರ್ ಒತ್ತಿದಷ್ಟು ಹೊತ್ತೂ ಹೊಡೆಯುವಂಥದ್ದು) ಆಗಿರುವಂತಿಲ್ಲ.
- ಇಟಲಿ: 1 ಜೌಲ್.
- ಹಾಂಗ್ ಕಾಂಗ್: 2 ಜೌಲ್.
- ಫ್ರಾನ್ಸ್: 2 ಜೌಲ್. 0.08 ಜೌಲ್ ದಾಟಿದ್ದನ್ನು 18 ತುಂಬದವರಿಗೆ ಮಾರುವಂತಿಲ್ಲ. ಈ ನಿಯಮ 1999ರದ್ದು.
- ಬ್ರಿಟನ್: ಆಟೋಮ್ಯಾಟಿಕ್ ಆಗಿ ಹೊಡೆಯಬಲ್ಲ ಗನ್ನಿಗೆ 1.3 ಜೌಲ್, ಉಳಿದವಕ್ಕೆ 2.5 ಜೌಲ್. 2017ರ ಕಾಯಿದೆ ಈ ಗೆರೆ ಎಳೆಯಿತು.

ಬ್ರಿಟನ್ನಿನ ನಿಯಮದಲ್ಲಿ "ಹೊಡೆಯಬಲ್ಲ" ಎಂಬ ಪದವನ್ನು ಗಮನಿಸಿ. ನೀವು ಒಂದೊಂದೇ ಹೊಡೆತ ಹೊಡೆಯುತ್ತಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ. ಸ್ವಿಚ್ ತಿರುವಿದರೆ ಆಟೋಮ್ಯಾಟಿಕ್ ಆಗುತ್ತದೆ ಎಂದಾದರೆ ನಿಮ್ಮ ಗೆರೆ 1.3. ಅದನ್ನು ದಾಟಿದರೆ ಅದು ಏರ್‌ಸಾಫ್ಟ್ ಎಂಬ ವಿನಾಯಿತಿಯಿಂದಲೇ ಹೊರಗೆ ಬೀಳುತ್ತದೆ.

ಜಪಾನ್ ಮತ್ತು ಚೀನಾ ಇನ್ನೊಂದು ರೀತಿಯಲ್ಲಿ ಅಳೆಯುತ್ತವೆ. ಅಲ್ಲಿ ಗೋಲಿಯ ಅಡ್ಡಕೊಯ್ತದ ವಿಸ್ತೀರ್ಣದ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಜೌಲ್ ಎಂಬುದು ಲೆಕ್ಕ. ಜಪಾನಿನಲ್ಲಿ ಅದು 3.5. 6 ಮಿಲಿಮೀಟರ್ ಗೋಲಿಗೆ ಇಳಿಸಿದರೆ 1 ಜೌಲ್‌ಗಿಂತ ಒಂಚೂರು ಕಡಿಮೆ. ಅದಕ್ಕೇ ಜಪಾನಿನ ಗನ್ನುಗಳ ಜೊತೆ 0.98 ಜೌಲ್ ಎಂಬ ಮಾತು ಯಾವಾಗಲೂ ಇರುತ್ತದೆ. ಚೀನಾದಲ್ಲಿ 2010ರ ನಿಯಮ 1.8 ಎಂದಿತು. ಅದೇ ಗೋಲಿಗೆ ಅದು ಸುಮಾರು 0.5 ಜೌಲ್. ಜಪಾನಿನಲ್ಲಿ ನಿಶ್ಚಿಂತೆಯಿಂದ ಆಡುವ ಗನ್ನು ಸಮುದ್ರ ದಾಟಿದರೆ ಕಾನೂನಿನ ಕಣ್ಣಲ್ಲಿ ನಿಜವಾದ ಬಂದೂಕಾಗುವುದು ಹೀಗೆ.

ಜಪಾನಿನ ಗೆರೆಯ ಹಿಂದಿನ ಕಥೆ ಪ್ರತಿಯೊಬ್ಬ ಆಟಗಾರನಿಗೂ ಗೊತ್ತಿರಬೇಕು. ಈ ಆಟ ಹುಟ್ಟಿದ್ದು ಅಲ್ಲೇ, 1970ರ ದಶಕದಲ್ಲಿ. 2005ರಲ್ಲಿ ಕೆಲವರು ಶಕ್ತಿ ಹೆಚ್ಚಿಸಿದ ಗನ್ನುಗಳಿಂದ ರಸ್ತೆಯಲ್ಲಿ ಹೋಗುವ ಗಾಡಿಗಳಿಗೆ ಹೊಡೆದರು. ಮರುವರ್ಷವೇ ಕಾನೂನು ತಿದ್ದಲಾಯಿತು. 2006ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಗೆರೆ ಮೀರಿದ ಗನ್ನು ಇದ್ದವರಿಗೆ ಆರು ತಿಂಗಳ ಗಡುವು ಸಿಕ್ಕಿತು. ಅದರೊಳಗೆ ಶಕ್ತಿ ಇಳಿಸಬೇಕಿತ್ತು, ಇಲ್ಲವೇ ಗನ್ನನ್ನು ಬಿಟ್ಟುಕೊಡಬೇಕಿತ್ತು. ನಿನ್ನೆ ತನಕ ಸರಿಯಾಗಿದ್ದ ವಸ್ತು ನಾಳೆ ಅಪರಾಧವಾಗಬಹುದು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ನಿಯಮ ಬದಲಾಗಿದೆಯೇ ಎಂದು ನೋಡಿಕೊಳ್ಳಿ.

ಹೆಜ್ಜೆ 4: ಅದು ಕಾಣುವ ರೀತಿಗೂ ಕಾನೂನು ಇದೆ

ಶಕ್ತಿಯ ಗೆರೆಯೊಳಗೆ ಇದ್ದರೂ ರೂಪದ ಕಾನೂನು ಬೇರೆಯಾಗಿ ಕಾಯುತ್ತಿರುತ್ತದೆ.

ಅಮೆರಿಕದಲ್ಲಿ ಕೇಂದ್ರ ಕಾನೂನು ಏರ್‌ಸಾಫ್ಟ್ ಗನ್ನನ್ನು ಬಂದೂಕು ಎನ್ನುವುದಿಲ್ಲ. ಆದರೆ ಆಮದು ಮಾಡುವಾಗ, ಮಾರುವಾಗ, ಸಾಗಿಸುವಾಗ ನಳಿಗೆಯ ತುದಿಯಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಬೇಕು, ಕನಿಷ್ಠ 6 ಮಿಲಿಮೀಟರ್. ಇದು ತಳಪಾಯ ಮಾತ್ರ. ಅದರ ಮೇಲೆ ರಾಜ್ಯಗಳು, ನಗರಗಳು ತಮ್ಮ ನಿಯಮ ಕಟ್ಟಿವೆ. ಕ್ಯಾಲಿಫೋರ್ನಿಯಾದಲ್ಲಿ 2016ರ ಜನವರಿಯಿಂದ ಟ್ರಿಗರ್ ಸುತ್ತಲಿನ ಬಳೆಗೂ ಹೊಳೆಯುವ ಬಣ್ಣ ಬೇಕು, ಜೊತೆಗೆ ಬೇರೆ ಕಡೆ ಬಣ್ಣದ ಪಟ್ಟಿಗಳೂ ಇರಬೇಕು. 2013ರಲ್ಲಿ ಅಲ್ಲಿನ ಸಾಂಟಾ ರೋಸಾದಲ್ಲಿ 13 ವರ್ಷದ ಹುಡುಗನೊಬ್ಬ ಇಂಥ ಗನ್ ಹಿಡಿದು ಹೋಗುತ್ತಿದ್ದ. ಪೊಲೀಸ್ ಅಧಿಕಾರಿ ಅದನ್ನು ನಿಜವೆಂದುಕೊಂಡು ಗುಂಡು ಹಾರಿಸಿದರು. ಹುಡುಗ ಸತ್ತ. ಆ ಕಾನೂನು ಬಂದದ್ದು ಅದರ ನಂತರ. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡಿನ ಒಂದು ಪಾರ್ಕಿನಲ್ಲಿ 12 ವರ್ಷದ ಇನ್ನೊಬ್ಬ ಹುಡುಗ ಹೀಗೇ ಪ್ರಾಣ ಕಳೆದುಕೊಂಡ. ಅವನ ಕೈಯಲ್ಲಿದ್ದ ಏರ್‌ಸಾಫ್ಟ್ ಪಿಸ್ತೂಲಿಗೆ ಕಿತ್ತಳೆ ತುದಿ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಚೆಂದ ಕಾಣಲಿ ಎಂದು ಕಿತ್ತಳೆ ತುದಿ ಕೀಳಬೇಡಿ, ಕಪ್ಪು ಬಣ್ಣ ಬಳಿಯಬೇಡಿ. ಆದರೆ ತುದಿ ಇದೆ ಎಂದು ನಿಶ್ಚಿಂತೆಯಾಗಿಯೂ ಇರಬೇಡಿ. ಸಂಜೆಯ ಮಬ್ಬಿನಲ್ಲಿ, ಬದಿಯಿಂದ ನೋಡುವವರಿಗೆ ಆ ಬಣ್ಣ ಕಾಣುವುದೇ ಇಲ್ಲ.

ಬ್ರಿಟನ್ನಿನ ದಾರಿ ಇನ್ನೂ ಸೂಕ್ಷ್ಮ. ಹಿಂಸಾಪರಾಧ ತಗ್ಗಿಸಲು 2006ರಲ್ಲಿ ಮಾಡಿದ ಕಾಯಿದೆಯ ಈ ಭಾಗ 2007ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಿಜದಂತೆಯೇ ಕಾಣುವ ಅನುಕರಣೆಯ ಬಂದೂಕನ್ನು ಮಾರುವುದು, ತಯಾರಿಸುವುದು, ತರಿಸುವುದು ಅಪರಾಧ. ವಿಮೆ ಇರುವ ಏರ್‌ಸಾಫ್ಟ್ ಆಟಕ್ಕಾಗಿ ಎಂದು ತೋರಿಸಿದರೆ ಮಾತ್ರ ರಕ್ಷಣೆ ಸಿಗುತ್ತದೆ. ಇದನ್ನು ತೋರಿಸಲು ಅಲ್ಲಿನ ಅಂಗಡಿಗಳು ಏರ್‌ಸಾಫ್ಟ್ ಮಾರಾಟಗಾರರ ಸಂಘವಾದ ಉಕಾರಾದ (UKARA) ನೋಂದಣಿ ನೋಡುತ್ತವೆ. 56 ದಿನಕ್ಕೆ ಕಡಿಮೆಯಿಲ್ಲದ ಅವಧಿಯಲ್ಲಿ ಮೂರು ಆಟ ಆಡಿದವರಿಗೆ ಅದು ಸಿಗುತ್ತದೆ. ಜನ ಅದನ್ನು ಲೈಸೆನ್ಸ್ ಎನ್ನುತ್ತಾರೆ. ಅದು ಲೈಸೆನ್ಸ್ ಅಲ್ಲ. ಗನ್ನನ್ನು ಬೀದಿಯಲ್ಲಿ ಹಿಡಿದುಕೊಂಡು ಹೋಗುವ ಹಕ್ಕನ್ನೇನೂ ಅದು ಕೊಡುವುದಿಲ್ಲ. ಕೊಳ್ಳುವವರು ನಿಜವಾದ ಆಟಗಾರರೇ ಎಂದು ಮಾರುವವರು ಖಾತರಿ ಮಾಡಿಕೊಳ್ಳುವ ದಾರಿ ಅಷ್ಟೇ.

ಆ ನೋಂದಣಿ ಇಲ್ಲದವರು ಅಲ್ಲಿ ಕೆಂಪು, ನೀಲಿ, ಹಸಿರು, ಹಳದಿಯಂಥ ಗಾಢ ಬಣ್ಣದ ಗನ್ ಕೊಳ್ಳುತ್ತಾರೆ. ಅದನ್ನು ಮನೆಗೆ ತಂದು ಕಪ್ಪು ಬಣ್ಣ ಬಳಿದರೆ? ನಿಜದಂತೆ ಕಾಣುವ ಹಾಗೆ ಮಾರ್ಪಡಿಸುವುದೇ ಅಲ್ಲಿ ಬೇರೆ ಅಪರಾಧ. ಒಂದು ಸ್ಪ್ರೇ ಡಬ್ಬಿಯಿಂದ ಅಷ್ಟು ದೂರ ಹೋಗಬಹುದು.

ಕೆನಡಾದ ನಿಯಮ ಮೊದಲ ಓದಿಗೆ ತಲೆಕೆಳಗಾಗಿ ಕಾಣುತ್ತದೆ. ನಿಜದಂತೆಯೇ ಕಂಡು ಶಕ್ತಿ ತೀರಾ ಕಡಿಮೆ ಇದ್ದರೆ ಅದು ಪ್ರತಿಕೃತಿ, ಅಂದರೆ ನಿಷೇಧಿತ ವಸ್ತು. ಸುಮಾರು 366 ಎಫ್‌ಪಿಎಸ್ ದಾಟಿದರೆ ಆ ಗುಂಪಿನಿಂದ ಹೊರಗೆ ಬರುತ್ತದೆ. 500 ಎಫ್‌ಪಿಎಸ್ ಮತ್ತು 5.7 ಜೌಲ್ ಎರಡನ್ನೂ ದಾಟಿದರೆ ಬಂದೂಕೇ ಆಗುತ್ತದೆ. ನಡುವೆ ಇರುವುದು ಸುರಕ್ಷಿತ ಜಾಗ. ಅಂದರೆ ಅಲ್ಲಿ "ಕಡಿಮೆ ಶಕ್ತಿಯದ್ದೇ ಒಳ್ಳೆಯದು" ಎಂದು ಕೊಂಡವರು ಸಿಕ್ಕಿಬೀಳಬಹುದು. ಸಿ-21 ಎಂಬ ಮಸೂದೆಯಲ್ಲಿ ಏರ್‌ಸಾಫ್ಟನ್ನೇ ಮುಗಿಸಿಬಿಡುವಂಥ ಒಂದು ಕಲಂ ಇತ್ತು. 2023ರಲ್ಲಿ ಅದನ್ನು ತೆಗೆದರು.

ಹೆಜ್ಜೆ 5: ಕೊಳ್ಳುವುದು, ಹೊರದೇಶದಿಂದ ತರಿಸುವುದು

ವಯಸ್ಸಿನ ಮಿತಿ ಹೆಚ್ಚಿನ ಕಡೆ 18. ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದು, ಬಳಸುವುದು, ಈ ನಾಲ್ಕಕ್ಕೂ ಒಂದೇ ವಯಸ್ಸು ಇರಬೇಕೆಂದಿಲ್ಲ. ಬ್ರಿಟನ್ನಿನಲ್ಲಿ 18 ತುಂಬದವರಿಗೆ ಮಾರುವುದೂ ಅಪರಾಧ, ಅವರು ಕೊಳ್ಳುವುದೂ ಅಪರಾಧ. ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮ ಈ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಬೇಕು.

ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಬೇರೆ ದೇಶದಿಂದ ತರಿಸುವುದು ಸುಲಭ ಅನ್ನಿಸುತ್ತದೆ. ಕಸ್ಟಮ್ಸ್‌ನವರು ಡಬ್ಬಿ ತೆರೆದಾಗ ಆಮದುದಾರ ನೀವೇ. ಮಾರಿದವರು ಬೇರೆ ದೇಶದಲ್ಲಿ ಆರಾಮಾಗಿರುತ್ತಾರೆ. ಲೇಬಲ್ ಮೇಲೆ ಸುಮ್ನೆ "ಆಟಿಕೆ" ಎಂದು ಬರೆದು ಕಳಿಸಿ ಎಂದು ಅವರಿಗೆ ಹೇಳಬೇಡಿ. ಅದು ಸುಳ್ಳು ಘೋಷಣೆ. ಅನುಮಾನವೇ ಇಲ್ಲದ ಪೊಟ್ಟಣಕ್ಕೂ ಅದರಿಂದ ಅನುಮಾನ ಹುಟ್ಟುತ್ತದೆ.

ಕೊಂಡ ದಿನವೇ ಒಂದು ಫೈಲ್ ಮಾಡಿ. ರಸೀದಿ, ಮಾದರಿಯ ಹೆಸರು, ಸೀರಿಯಲ್ ನಂಬರ್ ಇದ್ದರೆ ಅದರ ಫೋಟೋ, ಕ್ರೋನೋ ಸಂಖ್ಯೆಗಳು, ಗೋಲಿಯ ತೂಕ, ಅಳೆದ ತಾರೀಖು. ಲಿಖಿತ ಉತ್ತರ ಪಡೆದಿದ್ದರೆ ಅದೂ ಇಲ್ಲೇ ಇರಲಿ. ಯಾರಾದರೂ ಕೇಳಿದಾಗ ಬಾಯಲ್ಲಿ ವಿವರಿಸುವುದಕ್ಕೂ ಕಾಗದ ತೋರಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಹೆಜ್ಜೆ 6: ಮನೆಯಲ್ಲಿ

ಬೀಗ ಇರುವ ಪೆಟ್ಟಿಗೆ ಅಥವಾ ಬೀರು. ಗೋಲಿ ತುಂಬುವ ಡಬ್ಬಿಯಾದ ಮ್ಯಾಗಜೀನ್ ಬೇರೆ, ಗೋಲಿ ಬೇರೆ, ಬ್ಯಾಟರಿ ಬೇರೆ. ಗೋಡೆಗೆ ನೇತು ಹಾಕುವ ಆಸೆ ಇದ್ದರೆ ಕಿಟಕಿಯಿಂದ ಕಾಣದ ಗೋಡೆಯನ್ನು ಆರಿಸಿ. ಮನೆಯ ಮಕ್ಕಳಿಗೆ ಬೀಗದ ಕೈ ಎಲ್ಲಿದೆ ಎಂದು ಗೊತ್ತಿರಬಾರದು. ಶಾಲೆಗೆ ಇಂಥದ್ದನ್ನು ಒಯ್ದರೆ ಏನಾಗುತ್ತದೆ ಎಂದು ಅವರನ್ನು ಕೂರಿಸಿಕೊಂಡು ಒಮ್ಮೆ ಹೇಳಿ.

ಗನ್ ಹಿಡಿದು ಯಾರನ್ನೋ ಗುರಿಯಿಟ್ಟಂಥ ಫೋಟೋ, ವಿಡಿಯೋ ಹಾಕಬೇಡಿ. ನೋಡುವವರಿಗೆ ಅದು ಏರ್‌ಸಾಫ್ಟ್ ಎಂದು ಗೊತ್ತಿಲ್ಲ. ಬೆದರಿಕೆಗೆ ಗನ್ನು ನಿಜವಾದದ್ದೇ ಆಗಿರಬೇಕಿಲ್ಲ.

ಹೆಜ್ಜೆ 7: ಮನೆಯಿಂದ ಮೈದಾನಕ್ಕೆ

ಮನೆಯಲ್ಲಿದ್ದರೆ ನಿಮ್ಮ ವಸ್ತು. ಮೈದಾನದಲ್ಲಿದ್ದರೆ ಆಟದ ಸಾಮಾನು. ಈ ಎರಡರ ನಡುವಿನ ದಾರಿಯಲ್ಲೇ ಜಾಸ್ತಿ ಜನ ತೊಂದರೆಗೆ ಸಿಕ್ಕುವುದು.

ಹೊರಡುವ ಮುನ್ನ ಮ್ಯಾಗಜೀನ್ ತೆಗೆಯಿರಿ. ತೆಗೆದ ಮೇಲೂ ಒಳಗೆ ಒಂದು ಗೋಲಿ ಉಳಿದಿರುತ್ತದೆ, ಇದನ್ನು ಮರೆಯುವವರು ತುಂಬಾ. ಸುರಕ್ಷಿತ ಕಡೆಗೆ ತಿರುಗಿಸಿ ಎರಡು ಮೂರು ಸಲ ಖಾಲಿ ಹೊಡೆಯಿರಿ. ಸೇಫ್ಟಿ ಹಾಕಿ. ಬ್ಯಾಟರಿಯ ಗನ್ನಾದರೆ ತಂತಿ ಬಿಚ್ಚಿ. ನಳಿಗೆಯ ಮೇಲೆ ಬಟ್ಟೆಯ ಚೀಲ, ಅದೇ ಬ್ಯಾರೆಲ್ ಸಾಕ್, ಎಳೆದು ಕಟ್ಟಿ. ಆಮೇಲೆ ಮುಚ್ಚಿದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ಗನ್ನಿನ ಆಕಾರ ಹೊರಗೆ ಎದ್ದು ಕಾಣುವ ಚೀಲಕ್ಕಿಂತ ಸಾಧಾರಣವಾಗಿ ಕಾಣುವ ಪೆಟ್ಟಿಗೆ ಒಳ್ಳೆಯದು.

ಜರ್ಮನಿಯಲ್ಲಿ ಇದು ಬರೀ ಸಲಹೆಯಲ್ಲ. ನಿಜದಂತೆ ಕಾಣುವ ಆಯುಧವನ್ನು ಸಾರ್ವಜನಿಕ ಜಾಗದಲ್ಲಿ ಒಯ್ಯುವಂತಿಲ್ಲ ಎಂದು ಅಲ್ಲಿನ ಆಯುಧ ಕಾಯಿದೆಯ 42ಎ ಕಲಂ ಹೇಳುತ್ತದೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಾಗಿಸಿದರೆ ವಿನಾಯಿತಿ ಇದೆ. ಬ್ರಿಟನ್ನಿನಲ್ಲಿ ಸರಿಯಾದ ಕಾರಣವಿಲ್ಲದೆ ಅನುಕರಣೆಯ ಬಂದೂಕನ್ನು ಹೊರಗೆ ಒಯ್ಯುವುದು 1968ರ ಬಂದೂಕು ಕಾಯಿದೆಯ ಕೆಳಗೆ ಅಪರಾಧ. ಆಟಕ್ಕೆ ಹೋಗುತ್ತಿರುವುದು ಕಾರಣವಾಗುತ್ತದೆ. ಆದರೆ ಆಟ ಮುಗಿದು ಮೂರು ದಿನವಾದರೂ ಅದು ಕಾರಿನಲ್ಲೇ ಇದ್ದರೆ ಆ ಕಾರಣ ಹೇಳುವುದು ಕಷ್ಟ. ಹೋಗುವಾಗ ನೇರ ಮೈದಾನಕ್ಕೆ, ಬರುವಾಗ ನೇರ ಮನೆಗೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೂ ಪೆಟ್ಟಿಗೆ ಡಿಕ್ಕಿಯಲ್ಲಿರಲಿ, ಹಿಂದಿನ ಸೀಟಿನಲ್ಲಲ್ಲ.

ಸೈನಿಕರ ಹಾಗೆ ಬಟ್ಟೆ ತೊಟ್ಟು ದಾರಿಯಲ್ಲಿ ಇಳಿಯಬೇಡಿ. ಮೈದಾನ ತಲುಪಿದ ಮೇಲೆ ಬದಲಾಯಿಸಿ.

ವಿಮಾನ ಹತ್ತುವುದಾದರೆ ಮೂರು ವಸ್ತುವಿಗೆ ಮೂರು ನಿಯಮ. ಗನ್ನು ಕೈಚೀಲದಲ್ಲಿ ಬರುವಂತಿಲ್ಲ. ಚೆಕ್-ಇನ್ ಸಾಮಾನಿನಲ್ಲಿ ಹಾಕಬಹುದೇ ಎಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ. ಹೊರಡುವ ದೇಶ, ಇಳಿಯುವ ದೇಶ, ನಡುವೆ ವಿಮಾನ ಬದಲಿಸುವ ದೇಶ, ಮೂರರ ಕಾನೂನನ್ನೂ ನೋಡಿ. ಲಿಥಿಯಂ ಬ್ಯಾಟರಿ ತದ್ವಿರುದ್ಧ. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಸುತ್ತಿರಬೇಕು. ಗ್ಯಾಸ್ ಗನ್ನಿಗೆ ತುಂಬುವ ಗ್ರೀನ್ ಗ್ಯಾಸ್ ಡಬ್ಬಿಯನ್ನು ಮನೆಯಲ್ಲೇ ಬಿಡಿ. ಅದು ಹೆಚ್ಚಾಗಿ ಪ್ರೊಪೇನ್, ಉರಿಯುವ ಅನಿಲ.

ಹೆಜ್ಜೆ 8: ಎಲ್ಲಿ ಆಡಬಹುದು

ಬೀದಿ, ಪಾರ್ಕು, ಶಾಲೆಯ ಬಯಲು, ಖಾಲಿ ಬಿದ್ದ ಕಟ್ಟಡ, ಯಾವುದೂ ಬೇಡ. "ಯಾರೂ ಇಲ್ಲದ ಜಾಗ" ಎಂದರೆ ಯಾರ ಅನುಮತಿಯೂ ಇಲ್ಲದ ಜಾಗ ಎಂದೇ ಅರ್ಥ. ಜಮೀನು ಸ್ನೇಹಿತರದ್ದಾದರೂ ಮಾಲೀಕರಿಂದ ಒಂದು ಸಾಲು ಬರೆಸಿಕೊಳ್ಳಿ. ಗೋಲಿ ಬೇಲಿ ದಾಟಬಾರದು, ರಸ್ತೆಯಿಂದ ಆಟಗಾರರು ಕಾಣಬಾರದು. ಆಟದ ದಿನ ಹತ್ತಿರದ ಪೊಲೀಸ್ ಠಾಣೆಗೆ ಮುಂಚೆಯೇ ತಿಳಿಸಿ. ದಾರಿಹೋಕರು ಗಾಬರಿಯಿಂದ ಫೋನ್ ಮಾಡಿದಾಗ ಆಚೆ ಕೂತವರಿಗೆ ವಿಷಯ ಗೊತ್ತಿರುತ್ತದೆ.

ಕಾನೂನಿನ ಗೆರೆ ಬೇರೆ, ಮೈದಾನದ ಗೆರೆ ಬೇರೆ. ಮೈದಾನದ್ದು ಸಾಮಾನ್ಯವಾಗಿ ಇನ್ನೂ ಕೆಳಗಿರುತ್ತದೆ, ಇಷ್ಟು ಹತ್ತಿರದಿಂದ ಹೊಡೆಯಬಾರದು ಎಂಬ ದೂರವೂ ಇರುತ್ತದೆ. ಅದನ್ನು ಮುರಿದರೆ ವಿಮೆ ಕೈಬಿಡಬಹುದು.

ಕಣ್ಣಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಇಲ್ಲ. ಕನ್ನಡಕದ ಮೇಲೆ ಬರೆದಿರುವುದನ್ನು ಓದಿ. ಯುರೋಪಿನ ಇಎನ್ 166 ಗುಣಮಟ್ಟದಲ್ಲಿ ಎಫ್ ಎಂದಿದ್ದರೆ, 0.86 ಗ್ರಾಂ ಉಕ್ಕಿನ ಗುಂಡನ್ನು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದು ನೋಡಿದ್ದಾರೆ ಎಂದರ್ಥ. ಲೆಕ್ಕ ಹಾಕಿ: 0.87 ಜೌಲ್. ನಿಮ್ಮ ಎದುರಾಳಿಯ ಗನ್ನು 1 ಜೌಲ್! ಬಿ ಎಂದಿದ್ದರೆ ವೇಗ 120 ಮೀಟರ್, ಅಂದರೆ 6 ಜೌಲ್‌ಗೂ ಜಾಸ್ತಿ. ಬಿ ಗುರುತಿನದ್ದನ್ನೇ ಕೊಳ್ಳಿ. ಬರೀ ಜಾಲರಿಯ ಕನ್ನಡಕ ಬೇಡ, ಒಡೆದ ಗೋಲಿಯ ಚೂರು ಜಾಲರಿಯ ತೂತಿನಲ್ಲಿ ನುಸುಳುತ್ತದೆ. ಆಟ ನಿಂತರೂ ಸುರಕ್ಷಿತ ಜಾಗ ತಲುಪುವ ತನಕ ತೆಗೆಯಬೇಡಿ.

ಹೆಜ್ಜೆ 9: ಪೊಲೀಸರು ಎದುರಾದರೆ

ಇದನ್ನು ಮನೆಯವರಿಗೂ, ಜೊತೆಗೆ ಆಡುವ ಹುಡುಗರಿಗೂ ಓದಿ ಹೇಳಿ.

ಗನ್ನು ಕೈಯಲ್ಲಿದ್ದರೆ ಅವರ ಕಡೆ ತಿರುಗಬೇಡಿ. ತಿರುಗಿದರೆ ನಳಿಗೆಯೂ ತಿರುಗುತ್ತದೆ. ಅವರು ಏನು ಹೇಳುತ್ತಾರೋ ಅದನ್ನೇ, ನಿಧಾನವಾಗಿ ಮಾಡಿ. ಬಿಡು ಎಂದರೆ ಅಲ್ಲೇ ಬಿಡಿ. ಬೆಲೆ ಬಾಳುವ ವಸ್ತು, ಗೀರು ಬೀಳುತ್ತದೆ ಎಂದು ಯೋಚಿಸಬೇಡಿ. ಎರಡೂ ಅಂಗೈ ಕಾಣುವ ಹಾಗೆ ಮೇಲಿಡಿ. "ಇದು ಏರ್‌ಸಾಫ್ಟ್" ಎಂದು ಬಾಯಲ್ಲಿ ಹೇಳಿ. ತೋರಿಸಲೆಂದು ಮತ್ತೆ ಎತ್ತಿಕೊಳ್ಳಬೇಡಿ. ಜೇಬಿನಿಂದ ಕಾಗದ ತೆಗೆಯುವ ಮುನ್ನ ಕೇಳಿ, ಅವರು ಸರಿ ಎಂದ ಮೇಲೆ ತೆಗೆಯಿರಿ.

ಕಾರು ತಪಾಸಣೆಗೆ ನಿಲ್ಲಿಸಿದರೆ ಪೆಟ್ಟಿಗೆ ತೆರೆಯುವ ಮುನ್ನವೇ ಒಳಗೇನಿದೆ ಎಂದು ಹೇಳಿ. ತೆರೆಯುವುದನ್ನು ಅವರಿಗೇ ಬಿಡಿ. ಇಲ್ಲಿ ಆ ಫೈಲ್ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 10: ಬದಲಾಯಿಸುವಾಗ, ಮಾರುವಾಗ

ಗಟ್ಟಿ ಸ್ಪ್ರಿಂಗ್ ಹಾಕುವುದು, ನಳಿಗೆ ಬದಲಿಸುವುದು ಈ ಹವ್ಯಾಸದ ಖುಷಿಯ ಭಾಗ. ಆದರೆ ಒಂದು ಬಿಡಿಭಾಗ ಬದಲಾದರೂ ನೀವು ಹೆಜ್ಜೆ 2ಕ್ಕೆ ವಾಪಸ್ ಹೋಗಬೇಕು. ಜರ್ಮನಿಯಂಥ ಕಡೆ ಎಫ್ ಗುರುತು ಸಿಕ್ಕಿರುವುದು ಕಾರ್ಖಾನೆಯಿಂದ ಬಂದ ರೂಪಕ್ಕೆ. ಶಕ್ತಿ ಹೆಚ್ಚಿಸಿದ ಮೇಲೆ ಆ ಗುರುತನ್ನು ತೋರಿಸಿ ಪ್ರಯೋಜನವಿಲ್ಲ. ಹಳೆಯ ಸ್ಪ್ರಿಂಗನ್ನು ಎಸೆಯಬೇಡಿ, ಚೀಟಿ ಅಂಟಿಸಿ ಇಟ್ಟುಕೊಳ್ಳಿ.

ಮಾರುವಾಗ ನೀವೇ ಅಂಗಡಿಯವರು ಎಂದುಕೊಳ್ಳಿ. ಕೊಳ್ಳುವವರ ವಯಸ್ಸಿನ ಪುರಾವೆ ನೋಡಿ. ನೋಂದಣಿ ಬೇಕಾದ ಕಡೆ ನೋಂದಣಿ ನೋಡಿ. ಕಿತ್ತಳೆ ತುದಿ ಬೇಕಾದ ಕಡೆ ಅದನ್ನು ಮತ್ತೆ ಹಾಕಿಯೇ ಕೊಡಿ. ಯಾರಿಗೆ, ಯಾವಾಗ ಕೊಟ್ಟಿರಿ ಎಂದು ಫೈಲಿನಲ್ಲಿ ಬರೆದು, ಅವರ ಸಹಿ ಹಾಕಿಸಿಕೊಳ್ಳಿ. ಕೆಟ್ಟುಹೋದ ಗನ್ನನ್ನು ಇಡಿಯಾಗಿ ಕಸದ ಬುಟ್ಟಿಗೆ ಹಾಕಬೇಡಿ. ಅದು ಇನ್ನೊಬ್ಬರ ಕೈ ಸೇರುತ್ತದೆ, ಕೆಟ್ಟಿದ್ದರೂ ಕಾಣುವುದು ಬಂದೂಕಿನ ಹಾಗೆಯೇ. ಬಿಚ್ಚಿ, ನಳಿಗೆಯನ್ನೂ ಹಿಡಿಯನ್ನೂ ಗರಗಸದಿಂದ ತುಂಡು ಮಾಡಿ, ಬ್ಯಾಟರಿಯನ್ನು ಬೇರೆಯಾಗಿ ಅದರ ಸಂಗ್ರಹಕ್ಕೆ ಕೊಟ್ಟು, ಆಮೇಲೆ ಉಳಿದದ್ದನ್ನು ಎಸೆಯಿರಿ.